ಸೊಟ್ಟಗಾಲಿನ ಗರಿಂಚಾ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ ಸಂತೋಷವೂ ಆಯಿತು, ಸಂಕೋಚವೂ ಆಯಿತು. ಶಾಲೆಯ ಹಳೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬಹಳ ಜನ ಇದ್ದಾರೆ. ಹಾಗಾಗಿ ನಾನು ಈ ಶಾಲೆಯಲ್ಲಿ ಕೇಳಿದ ಒಬ್ಬ ಮನುಷ್ಯನ ಕತೆಯನ್ನು ಬರೆಯುತ್ತೇನೆ. ಅವನು ನಮ್ಮ ಊರಿನವನಲ್ಲ, ನಮ್ಮ ದೇಶದವನೂ ಅಲ್ಲ. ಅವನ ಅರ್ಧ ಕತೆಯನ್ನು ಮಾತ್ರ ನಾನು ಇಲ್ಲಿ ಕೇಳಿದ್ದು. ಉಳಿದರ್ಧವನ್ನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನೇ ಓದಿ ತಿಳಿದುಕೊಂಡೆ.

2002ರ ಜೂನ್ ತಿಂಗಳು. ನಾನು ಎಂಟನೇ ತರಗತಿಗೆ ಸೇರಿ ಕೆಲವೇ ದಿನಗಳಾಗಿದ್ದವು. ಕೊರಿಯಾ ಮತ್ತು ಜಪಾನ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ನಮ್ಮ ಶಾಲೆಯಲ್ಲಿ ಆಟ ಎಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್. ಆಟದ ಸಾಮಾನಿನ ಕೋಣೆಯಲ್ಲಿ ಗಾಳಿ ನಿಲ್ಲದ ಒಂದು ಫುಟ್‌ಬಾಲ್ ಇತ್ತು, ಅಷ್ಟೆ. ಆದರೂ ನಮ್ಮ ಪಿ.ಟಿ. ಮೇಷ್ಟ್ರು ದಿನವೂ ಪತ್ರಿಕೆಯಿಂದ ಚಿತ್ರಗಳನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಅವುಗಳ ನಡುವೆ ಒಂದು ಹಳೆಯ ಕಪ್ಪು ಬಿಳುಪು ಚಿತ್ರವಿತ್ತು. ಅದರಲ್ಲಿದ್ದ ಆಟಗಾರನ ಎರಡು ಕಾಲೂ ಸೊಟ್ಟ. ನಾವೆಲ್ಲ ನೋಡಿ ನಕ್ಕೆವು. ಮೇಷ್ಟ್ರು ನಮ್ಮನ್ನು ಬೈಯಲಿಲ್ಲ. ಮಳೆ ಬಂದು ಮೈದಾನಕ್ಕೆ ಹೋಗಲಾಗದ ಒಂದು ದಿನ ತರಗತಿಯಲ್ಲಿ ಕೂರಿಸಿಕೊಂಡು ಅವನ ಕತೆ ಹೇಳಿದರು. ಅಂದಿನಿಂದ ಗರಿಂಚಾ ನನ್ನ ಮೆಚ್ಚಿನ ಆಟಗಾರ. ಪ್ರೀತಿಯ ಸಲುಗೆಯಿಂದ ಅವನನ್ನು ಏಕವಚನದಲ್ಲೇ ಕರೆಯುತ್ತೇನೆ.

ಗರಿಂಚಾನ ಪೂರ್ಣ ಹೆಸರು ಮನುಯೆಲ್ ಫ್ರಾನ್ಸಿಸ್ಕೊ ಡೋಸ್ ಸಾಂಟೋಸ್. ಹುಟ್ಟಿದ್ದು 1933ರ ಅಕ್ಟೋಬರ್‌ನಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದ ಪಾವ್ ಗ್ರಾಂಡೆ ಎಂಬ ಸಣ್ಣ ಊರಿನಲ್ಲಿ. ಆ ಊರಿಗೆ ಒಂದು ಬಟ್ಟೆ ಗಿರಣಿಯೇ ಆಧಾರ. ಜನ ದುಡಿಯುತ್ತಿದ್ದುದು ಗಿರಣಿಯಲ್ಲಿ, ವಾಸವಿದ್ದುದು ಗಿರಣಿಯವರು ಕಟ್ಟಿಸಿದ ಮನೆಗಳಲ್ಲಿ, ಆಡುತ್ತಿದ್ದುದೂ ಗಿರಣಿಯ ಫುಟ್‌ಬಾಲ್ ತಂಡದಲ್ಲಿ. ಅವನ ತಂದೆಯೂ ಅಲ್ಲೇ ಕಾವಲುಗಾರ. ತಂದೆಗೆ ಕುಡಿತದ ಚಟವಿತ್ತು.

ಹುಟ್ಟುವಾಗಲೇ ಅವನ ಬೆನ್ನುಮೂಳೆ ನೇರವಾಗಿರಲಿಲ್ಲ. ಬಲಗಾಲು ಒಳಕ್ಕೆ ಬಾಗಿತ್ತು, ಎಡಗಾಲು ಹೊರಕ್ಕೆ ಬಾಗಿತ್ತು. ಎಡಗಾಲು ಬಲಗಾಲಿಗಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. ನಿಂತರೆ ಎರಡು ಕಾಲೂ ಒಂದೇ ಕಡೆಗೆ, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಕಾಣುತ್ತಿದ್ದವು. ಮೈಯೂ ಸಣ್ಣದು. ಅವರ ಕಡೆ ಗರಿಂಚಾ ಎಂದರೆ ಕಂದು ಬಣ್ಣದ ಒಂದು ಪುಟ್ಟ ಹಕ್ಕಿ, ನಮ್ಮ ಗುಬ್ಬಿಗಿಂತಲೂ ಚಿಕ್ಕದು. ಅಕ್ಕ ಅವನನ್ನು ಹಾಗೆ ಕರೆದಳು, ಆ ಹೆಸರೇ ನಿಂತಿತು. ಓದು ಬರಹ ಅವನಿಗೆ ಅಷ್ಟಕ್ಕಷ್ಟೆ. ಹಕ್ಕಿ ಹಿಡಿಯುವುದು, ಹೊಳೆಯಲ್ಲಿ ಈಜುವುದು, ಚೆಂಡು ಒದೆಯುವುದು ಇವೇ ಅವನ ದಿನಚರಿ. 14ನೇ ವಯಸ್ಸಿಗೆ ಗಿರಣಿಗೆ ಸೇರಿದ. ಕೆಲಸದಲ್ಲಿ ಅವನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲವಂತೆ. ಹತ್ತಿಯ ರಾಶಿಯ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದನಂತೆ. ಆದರೆ ಭಾನುವಾರದ ಪಂದ್ಯಕ್ಕೆ ಅವನು ಬೇಕಾಗಿದ್ದರಿಂದ ಗಿರಣಿಯವರು ಅವನನ್ನು ಬಿಡಲಿಲ್ಲ.

ರಿಯೊ ನಗರದ ದೊಡ್ಡ ಕ್ಲಬ್‌ಗಳು ಅವನನ್ನು ಮೊದಮೊದಲು ಸೇರಿಸಿಕೊಳ್ಳಲಿಲ್ಲ. ಒಂದು ಕಡೆ ಬೂಟು ತಂದಿಲ್ಲವೆಂದು ವಾಪಸ್ಸು ಕಳಿಸಿದರು, ಇನ್ನೊಂದು ಕಡೆ ಊರಿನ ಕೊನೆಯ ರೈಲು ತಪ್ಪುತ್ತದೆಂದು ಅವನೇ ಅರ್ಧಕ್ಕೆ ಎದ್ದುಬಂದ ಎಂದು ಹೇಳುತ್ತಾರೆ. ಕೊನೆಗೆ 1953ರಲ್ಲಿ ಯಾರದೋ ಒತ್ತಾಯಕ್ಕೆ ಬೊಟಾಫೊಗೊ ಕ್ಲಬ್ಬಿಗೆ ಹೋದ. ಪರೀಕ್ಷೆಗೆಂದು ಅವನ ಎದುರು ನಿಲ್ಲಿಸಿದ್ದು ಸಾಮಾನ್ಯರನ್ನಲ್ಲ, ಬ್ರೆಜಿಲ್ ತಂಡದ ಹೆಸರಾಂತ ರಕ್ಷಣಾ ಆಟಗಾರ ನಿಲ್ಟನ್ ಸಾಂಟೋಸ್‌ನನ್ನು. ಸೊಟ್ಟಗಾಲಿನ ಹಳ್ಳಿ ಹುಡುಗ ಅವನನ್ನು ದಾಟಿ ದಾಟಿ ಹೋದ. ಒಮ್ಮೆಯಂತೂ ಚೆಂಡನ್ನು ಅವನ ಎರಡು ಕಾಲುಗಳ ನಡುವೆಯೇ ತೂರಿಸಿ ಮುಂದೆ ಓಡಿದ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಅವಮಾನವೆಂದು ತಿಳಿಯುತ್ತಿದ್ದರು. ನಿಲ್ಟನ್ ಸಾಂಟೋಸ್ ಹಾಗೆ ಮಾಡಲಿಲ್ಲ. ಈ ಹುಡುಗನನ್ನು ತಕ್ಷಣ ಸೇರಿಸಿಕೊಳ್ಳಿ, ಇವನು ಬೇರೆ ತಂಡಕ್ಕೆ ಹೋದರೆ ನನಗೇ ಕಷ್ಟ ಎಂದು ಕ್ಲಬ್ಬಿನವರಿಗೆ ಹೇಳಿದ. ಆ ಘಟ್ಟ ಬಂದಾಗ ನಮ್ಮ ಮೇಷ್ಟ್ರ ದನಿಯೇ ಬದಲಾಗುತ್ತಿತ್ತು. ದೊಡ್ಡವನು ಎಂದರೆ ಹಾಗಿರಬೇಕು ಎನ್ನುವುದು ಅವರ ಅಭಿಪ್ರಾಯ. ಮೊದಲ ತಂಡದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಗರಿಂಚಾ ಮೂರು ಗೋಲು ಹೊಡೆದ.

ಅವನ ಆಟದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಮೈದಾನದ ಬಲ ಅಂಚು ಅವನ ಜಾಗ. ಚೆಂಡು ಕಾಲಿಗೆ ಬಂದ ಮೇಲೆ ಎದುರಾಳಿ ಹತ್ತಿರ ಬರುವವರೆಗೆ ಸುಮ್ಮನೆ ನಿಲ್ಲುತ್ತಿದ್ದ. ಮೈಯನ್ನು ಎಡಕ್ಕೆ ವಾಲಿಸುತ್ತಿದ್ದ, ಚೆಂಡು ಮಾತ್ರ ಅಲ್ಲೇ. ಎದುರಾಳಿ ಎಡಕ್ಕೆ ವಾಲಿದ ಕೂಡಲೇ ಇವನು ಬಲಕ್ಕೆ ಹಾರಿ ಹೋಗುತ್ತಿದ್ದ. ಹೆಚ್ಚುಕಡಿಮೆ ಪ್ರತಿ ಸಲವೂ ಇದೇ ಉಪಾಯ. ಎದುರಾಳಿಗೂ ಗೊತ್ತು, ನೋಡುವವರಿಗೂ ಗೊತ್ತು, ಆದರೂ ತಡೆಯಲು ಆಗುತ್ತಿರಲಿಲ್ಲ. ರಕ್ಷಣಾ ಆಟಗಾರ ಎದುರಾಳಿಯ ಕಾಲು ಮತ್ತು ಸೊಂಟ ನೋಡಿ ಅವನು ಎತ್ತ ಹೋಗುತ್ತಾನೆಂದು ಅಂದಾಜು ಮಾಡುತ್ತಾನೆ. ಕಾಲುಗಳೇ ಸೊಟ್ಟಗಿದ್ದರೆ ಆ ಅಂದಾಜು ತಪ್ಪುತ್ತದೆ. ಒಬ್ಬನನ್ನು ದಾಟಿದ ಮೇಲೂ ಕೆಲವೊಮ್ಮೆ ನಿಂತು, ಅವನು ಮತ್ತೆ ಬರಲಿ ಎಂದು ಕಾದು, ಮತ್ತೆ ದಾಟುತ್ತಿದ್ದ. ಇದು ಗೆಲ್ಲುವುದಕ್ಕೆ ಬೇಕಾಗಿರಲಿಲ್ಲ. ಜನ ನಗುತ್ತಿದ್ದರು, ಅವನಿಗೂ ಅದು ಇಷ್ಟವಾಗಿತ್ತು. ಬ್ರೆಜಿಲ್ ಜನ ಅವನನ್ನು ಜನರ ಆನಂದ ಎಂದೇ ಕರೆದರು.

1958ರಲ್ಲಿ ಸ್ವೀಡನ್‌ನಲ್ಲಿ ವಿಶ್ವಕಪ್. ಬ್ರೆಜಿಲ್ ಅಲ್ಲಿಯವರೆಗೆ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ತಂಡದ ಜೊತೆ ಹೋಗಿದ್ದ ಮನೋವಿಜ್ಞಾನಿಯೊಬ್ಬರು ಆಟಗಾರರಿಗೆಲ್ಲ ಪರೀಕ್ಷೆ ನಡೆಸಿ, ಗರಿಂಚಾ ಮತ್ತು 17 ವರ್ಷದ ಪೆಲೆ ಇಬ್ಬರನ್ನೂ ಆಡಿಸುವುದು ಬೇಡವೆಂದು ಸಲಹೆ ಕೊಟ್ಟರು. ಮೊದಲ ಎರಡು ಪಂದ್ಯಗಳಲ್ಲಿ ಇಬ್ಬರೂ ಆಡಲಿಲ್ಲ. ಎರಡನೆಯ ಪಂದ್ಯದಲ್ಲಿ ಇಂಗ್ಲೆಂಡ್ ಎದುರು ಗೋಲೇ ಬರಲಿಲ್ಲ. ಮೂರನೆಯದು ಬಲಿಷ್ಠ ಸೋವಿಯತ್ ತಂಡದ ಮೇಲೆ, ಜೂನ್ 15ರಂದು ಗೋಥೆನ್‌ಬರ್ಗ್‌ನಲ್ಲಿ. ಗೋಲು ಕಾಯುತ್ತಿದ್ದವನು ಪ್ರಸಿದ್ಧ ಲೆವ್ ಯಾಶಿನ್. ತರಬೇತುದಾರ ವಿಸೆಂಟೆ ಫಿಯೋಲಾ ಇಬ್ಬರನ್ನೂ ಕಣಕ್ಕಿಳಿಸಿದರು.

ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಗರಿಂಚಾ ಬಲ ಅಂಚಿನಿಂದ ನುಗ್ಗಿ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ಅದರ ಹಿಂದೆಯೇ ಪೆಲೆ ಹೊಡೆದದ್ದೂ ಗೋಲಿನ ಚೌಕಟ್ಟಿಗೆ ಬಡಿಯಿತು. ಮೂರನೇ ನಿಮಿಷದಲ್ಲಿ ವವಾ ಗೋಲು ಹೊಡೆದ. ಫುಟ್‌ಬಾಲ್ ಚರಿತ್ರೆಯಲ್ಲೇ ಅತ್ಯುತ್ತಮವಾದ ಮೂರು ನಿಮಿಷಗಳೆಂದು ಇಂದಿಗೂ ಅದನ್ನು ನೆನೆಯುತ್ತಾರೆ. ಆ ಪಂದ್ಯ 2-0. ಜೂನ್ 29ರ ಫೈನಲ್‌ನಲ್ಲಿ ಸ್ವೀಡನ್ ಮೊದಲು ಗೋಲು ಹೊಡೆಯಿತು. ಗರಿಂಚಾ ಬಲಗಡೆಯಿಂದ ಒಂದೇ ರೀತಿಯಲ್ಲಿ ಎರಡು ಸಲ ಚೆಂಡು ಕೊಟ್ಟ, ವವಾ ಎರಡು ಸಲವೂ ಗೋಲು ಮಾಡಿದ. ಕೊನೆಗೆ ಬ್ರೆಜಿಲ್ 5-2ರಿಂದ ಗೆದ್ದು ಮೊದಲ ಬಾರಿ ವಿಶ್ವಕಪ್ ಎತ್ತಿತು.

ನಾಲ್ಕು ವರ್ಷಗಳ ಮೇಲೆ, 1962ರಲ್ಲಿ, ಚಿಲಿ ದೇಶದಲ್ಲಿ ವಿಶ್ವಕಪ್. ಎರಡನೆಯ ಪಂದ್ಯದಲ್ಲೇ ಪೆಲೆ ಗಾಯಗೊಂಡು ಹೊರಗುಳಿದ. ಇನ್ನು ಬ್ರೆಜಿಲ್ ಕತೆ ಮುಗಿಯಿತೆಂದು ಎಲ್ಲರೂ ತಿಳಿದರು. ಆಗ ಆ ಭಾರವನ್ನು ಹೊತ್ತವನು ಗರಿಂಚಾ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡನ್ನು 3-1ರಿಂದ ಸೋಲಿಸಿದಾಗ ಎರಡು ಗೋಲು ಅವನವು. ಅಷ್ಟು ಎತ್ತರವಿಲ್ಲದವನು ಒಂದನ್ನು ತಲೆಯಿಂದ ಹೊಡೆದ, ಇನ್ನೊಂದನ್ನು ದೂರದಿಂದ ತಿರುವು ಕೊಟ್ಟು ಹೊಡೆದ. ಅದೇ ಪಂದ್ಯದಲ್ಲಿ ಮೈದಾನಕ್ಕೆ ಒಂದು ನಾಯಿ ನುಗ್ಗಿತು. ಗರಿಂಚಾನ ಕೈಗೂ ಸಿಗದೆ ತಪ್ಪಿಸಿಕೊಂಡಿತು. ಇಂಗ್ಲೆಂಡಿನ ಜಿಮ್ಮಿ ಗ್ರೀವ್ಸ್ ಮಂಡಿಯೂರಿ ಅದನ್ನು ಹಿಡಿದ, ಅದು ಅವನ ಅಂಗಿಯ ಮೇಲೆಯೇ ಉಚ್ಚೆ ಹೊಯ್ದಿತು. ಆ ನಾಯಿ ಆಮೇಲೆ ಗರಿಂಚಾನ ಪಾಲಾಯಿತು, ಅವನು ಅದನ್ನು ಊರಿಗೆ ಕೊಂಡೊಯ್ದು ಸಾಕಿದ ಎನ್ನುತ್ತಾರೆ. ಎಂಟನೇ ತರಗತಿಯ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ನಾಯಿಯ ಕತೆಯೇ.

ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ಮೇಲೆ ಮತ್ತೆ ಎರಡು ಗೋಲು. ಪಂದ್ಯವಿಡೀ ಒದೆ ತಿಂದು ಕೊನೆಯಲ್ಲಿ ತಾಳ್ಮೆ ಕಳೆದುಕೊಂಡು ಎದುರಾಳಿಯೊಬ್ಬನನ್ನು ಒದ್ದ, ರೆಫರಿ ಹೊರಗೆ ಕಳಿಸಿದರು. ಆದರೂ ಫೈನಲ್ ಆಡಲು ಅವನಿಗೆ ಅನುಮತಿ ಸಿಕ್ಕಿತು. ಜ್ವರದಲ್ಲೇ ಆಡಿದ. ಚೆಕೊಸ್ಲೊವಾಕಿಯಾ ಮೇಲೆ ಬ್ರೆಜಿಲ್ 3-1ರಿಂದ ಗೆದ್ದಿತು. ನಾಲ್ಕು ಗೋಲು ಹೊಡೆದು ಹೆಚ್ಚು ಗೋಲು ಹೊಡೆದವರ ಸಾಲಿನಲ್ಲಿ ನಿಂತ, ಆ ಕೂಟದ ಶ್ರೇಷ್ಠ ಆಟಗಾರನೂ ಅವನೇ. ಪೆಲೆ ಮತ್ತು ಗರಿಂಚಾ ಇಬ್ಬರೂ ಜೊತೆಯಾಗಿ ಆಡಿದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋಲಲಿಲ್ಲ.

ಮೇಷ್ಟ್ರು ಕತೆಯನ್ನು ಇಲ್ಲಿಗೆ ನಿಲ್ಲಿಸಿದ್ದರು. ಗಂಟೆ ಹೊಡೆದದ್ದಕ್ಕೋ, ನಾವಿನ್ನೂ ಚಿಕ್ಕವರೆಂದೋ ತಿಳಿಯದು. ಉಳಿದದ್ದನ್ನು ಹೇಳುವ ಮೊದಲು ನನ್ನದೊಂದು ಸಣ್ಣ ಪ್ರಸಂಗ ಹೇಳಬೇಕು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿದ ದಿನ ಊರಿಗೆ ಫೋನ್ ಮಾಡಿದೆ. ಅಪ್ಪ ಸಂಬಳ ಎಷ್ಟೆಂದು ಕೇಳಲಿಲ್ಲ. ಕಾಗದಕ್ಕೆ ಸಹಿ ಹಾಕಿಸಿಕೊಂಡರೇ, ಅದರಲ್ಲಿ ಏನು ಬರೆದಿತ್ತು ಎಂದು ಕೇಳಿದರು. ಅಪ್ಪ ಹೆಬ್ಬೆಟ್ಟಿನವರು. ಒಮ್ಮೆ ಸಾಲದ ಕಾಗದದ ಮೇಲೆ, ಓದಿ ಹೇಳುವವರಿಲ್ಲದೆ, ಹೆಬ್ಬೆಟ್ಟು ಒತ್ತಿ ನಾಲ್ಕು ವರ್ಷ ತೀರಿಸಿದವರು. ನನಗೆ ಉತ್ತರ ಗೊತ್ತಿರಲಿಲ್ಲ. ಹದಿನಾರು ವರ್ಷ ಓದಿದ ನಾನು, ಕೆಲಸ ಸಿಕ್ಕಿದ ಖುಷಿಯಲ್ಲಿ ಹತ್ತು ಪುಟದ ಕಾಗದವನ್ನು ಓದದೆ ಸಹಿ ಹಾಕಿ ಬಂದಿದ್ದೆ. ಎರಡು ವರ್ಷಕ್ಕೆ ಮೊದಲು ಬಿಟ್ಟರೆ ಹಣ ಕಟ್ಟಬೇಕೆಂದು ಅದರಲ್ಲಿತ್ತು ಎನ್ನುವುದು ಬೇರೆ ಒಳ್ಳೆಯ ಕೆಲಸ ಸಿಕ್ಕಾಗ ತಿಳಿಯಿತು. ನನ್ನ ನಷ್ಟ ದೊಡ್ಡದೇನಲ್ಲ. ಆದರೆ ಆ ದಿನಗಳಲ್ಲೇ ಗರಿಂಚಾನ ಉಳಿದರ್ಧ ಕತೆಯನ್ನು ಓದಿದ್ದು, ಹಾಗಾಗಿ ಅದು ನನಗೆ ಬೇರೆಯದೇ ರೀತಿಯಲ್ಲಿ ತಟ್ಟಿತು.

ಗರಿಂಚಾ ಕ್ಲಬ್ಬಿನವರು ಕೊಟ್ಟ ಖಾಲಿ ಕರಾರುಪತ್ರಗಳಿಗೆ ಸಹಿ ಹಾಕುತ್ತಿದ್ದ. ಮೊತ್ತವನ್ನು ಅವರು ಆಮೇಲೆ ತುಂಬಿಕೊಳ್ಳುತ್ತಿದ್ದರು. ವಿಶ್ವಕಪ್ ಗೆದ್ದುಕೊಟ್ಟವನಿಗೆ ಸಿಗುತ್ತಿದ್ದುದು ಅವನ ಆಟಕ್ಕೆ ಹೋಲಿಸಿದರೆ ತೀರ ಕಡಿಮೆ. ಬೊಟಾಫೊಗೊ ತಂಡ ಊರೂರು, ದೇಶ ದೇಶ ಸುತ್ತಿ ಪ್ರದರ್ಶನ ಪಂದ್ಯ ಆಡುತ್ತಿತ್ತು. ಗರಿಂಚಾ ಆಡಿದರೆ ಒಂದು ಹಣ, ಆಡದಿದ್ದರೆ ಕಡಿಮೆ ಹಣ. ಹುಟ್ಟಿನಿಂದಲೇ ಸೊಟ್ಟಗಿದ್ದ ಕಾಲುಗಳ ಮೊಣಕಾಲಿನ ಮೃದ್ವಸ್ಥಿ ಸವೆಯುತ್ತಾ ಬಂತು. ನೋವು ತಿಳಿಯದಂತೆ ಇಂಜೆಕ್ಷನ್ ಚುಚ್ಚಿ ಆಡಿಸಿದರು. 1963ರಲ್ಲಿ ಅವನು ಹೆಚ್ಚು ಹಣ ಕೇಳಿದಾಗ ಕ್ಲಬ್ಬಿನೊಂದಿಗೆ ಜಗಳವಾಯಿತು. 1964ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ನಡೆಯಿತು. ಆಗ ವಯಸ್ಸು ಮೂವತ್ತೊಂದೂ ತುಂಬಿರಲಿಲ್ಲ. ಮತ್ತೆ ಅವನು ಮೊದಲಿನ ಗರಿಂಚಾ ಆಗಲಿಲ್ಲ.

1966ರಲ್ಲಿ ಬೊಟಾಫೊಗೊ ಅವನನ್ನು ಕೊರಿಂಥಿಯನ್ಸ್ ತಂಡಕ್ಕೆ ಮಾರಿತು. ಅದೇ ವರ್ಷ ಇಂಗ್ಲೆಂಡಿನ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಮೇಲೆ ಫ್ರೀ ಕಿಕ್‌ನಲ್ಲಿ ಒಂದು ಗೋಲು ಹೊಡೆದ. ಮುಂದಿನ ಪಂದ್ಯದಲ್ಲಿ ಹಂಗೇರಿ 3-1ರಿಂದ ಗೆದ್ದಿತು. ದೇಶಕ್ಕಾಗಿ 50 ಅಧಿಕೃತ ಪಂದ್ಯ ಆಡಿದ ಗರಿಂಚಾ ಸೋತದ್ದು ಆ ಒಂದೇ ಪಂದ್ಯ, ಅದೇ ಅವನ ಕೊನೆಯ ಪಂದ್ಯವೂ ಆಯಿತು.

ಎಲ್ಲ ತಪ್ಪನ್ನೂ ಬೇರೆಯವರ ಮೇಲೆ ಹಾಕಿದರೆ ಅದು ಸುಳ್ಳಾಗುತ್ತದೆ. ಊರಿನ ಗಿರಣಿಯ ಹುಡುಗಿ ನೈರ್‌ಳನ್ನು ಚಿಕ್ಕ ವಯಸ್ಸಿಗೇ ಮದುವೆಯಾಗಿದ್ದ ಅವನಿಗೆ ಎಂಟು ಹೆಣ್ಣುಮಕ್ಕಳು. ಅವರನ್ನು ಬಿಟ್ಟು ಪ್ರಸಿದ್ಧ ಗಾಯಕಿ ಎಲ್ಜಾ ಸೋರೆಸ್ ಜೊತೆ ಹೋದ. ದೇಶದ ಜನ ಮನೆ ಮುರಿದವಳೆಂದು ಎಲ್ಜಾರನ್ನು ದೂಷಿಸಿದರು, ಅವನನ್ನು ಕ್ಷಮಿಸಿದರು. ನಿಜದಲ್ಲಿ ಅವನನ್ನು ಕುಡಿತದಿಂದ ಬಿಡಿಸಲು ಬಹಳ ವರ್ಷ ಹೆಣಗಿದವರು ಆಕೆಯೇ. ತಂದೆಯ ಚಟ ಮಗನಿಗೂ ಬಂದಿತ್ತು. 1969ರ ಏಪ್ರಿಲ್‌ನಲ್ಲಿ ಅವನು ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾರ ತಾಯಿ ತೀರಿಕೊಂಡರು. ಆ ಕೊರಗಿನಿಂದ ಅವನು ಹೊರಬರಲಿಲ್ಲ. ಕುಡಿತ ಹೆಚ್ಚಿತು, ಎಲ್ಜಾರ ಮೇಲೆ ಕೈ ಮಾಡಿದ, 1977ರಲ್ಲಿ ಆಕೆಯೂ ಬಿಟ್ಟುಹೋದರು. ಮೈದಾನದಲ್ಲಿ ಲಕ್ಷ ಜನರನ್ನು ನಗಿಸಿದವನು ಮನೆಯಲ್ಲಿದ್ದ ಹೆಂಗಸರನ್ನು ಅಳಿಸಿದ. ನನ್ನ ಮೆಚ್ಚಿನ ಆಟಗಾರ ಎಂಬ ಕಾರಣಕ್ಕೆ ಇದನ್ನು ನಾನು ಮುಚ್ಚಿಡಲಾರೆ.

1973ರ ಡಿಸೆಂಬರ್ 19ರಂದು ಮರಕಾನಾ ಕ್ರೀಡಾಂಗಣದಲ್ಲಿ ಅವನ ಸಹಾಯಾರ್ಥ ಬೀಳ್ಕೊಡುಗೆ ಪಂದ್ಯ ನಡೆಯಿತು. ಪೆಲೆಯೂ ಆಡಿದ. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಲವತ್ತರ ಗರಿಂಚಾ ಆಟದ ನಡುವೆ ಮೈದಾನದ ಸುತ್ತ ಒಂದು ಸುತ್ತು ಬಂದು ಹೊರನಡೆದ. ಬಂದ ಹಣವೂ ಉಳಿಯಲಿಲ್ಲ. ಆಸ್ಪತ್ರೆಗೆ ಹೋಗುವುದು, ಬರುವುದು ಹಲವು ಸಲ ನಡೆಯಿತು. 1983ರ ಜನವರಿ 20ರಂದು, 49ನೇ ವಯಸ್ಸಿಗೆ, ಕುಡಿತದಿಂದ ಹಾಳಾದ ದೇಹ ಬಿಟ್ಟು ಹೊರಟುಹೋದ. ಮರಕಾನಾದಿಂದ ಅಗ್ನಿಶಾಮಕ ವಾಹನದ ಮೇಲೆ ಶವವನ್ನು ಊರಿಗೆ ಒಯ್ಯುವಾಗ ದಾರಿಯುದ್ದಕ್ಕೂ ಜನ ನಿಂತಿದ್ದರು.

ದೇಶದ ರಾಜಧಾನಿ ಬ್ರೆಸಿಲಿಯಾದಲ್ಲಿ ಅವನ ಹೆಸರಿನ ಕ್ರೀಡಾಂಗಣವಿದೆ. 2014ರ ವಿಶ್ವಕಪ್‌ಗೆಂದು ಕಟ್ಟಿದವುಗಳಲ್ಲಿ ಅತಿ ಹೆಚ್ಚು ಖರ್ಚಾದದ್ದು ಅದಕ್ಕೇ. 2017ರಲ್ಲಿ ಇನ್ನೊಂದು ಸುದ್ದಿ ಬಂತು. ಊರ ಹತ್ತಿರದ ಸ್ಮಶಾನದಲ್ಲಿ ಹೂತಿದ್ದ ಅವನ ಅವಶೇಷಗಳು ಈಗ ಎಲ್ಲಿವೆ ಎಂಬುದು ಅಲ್ಲಿಯವರಿಗೇ ಖಚಿತವಿಲ್ಲವಂತೆ.

ಬೆಂಗಳೂರಿನ ಗೌತಮಪುರದಲ್ಲಿ ಫುಟ್‌ಬಾಲ್ ಪ್ರಿಯರು ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಪಕ್ಕದಲ್ಲಿ ಇನ್ನೊಬ್ಬ ಇರಬೇಕಿತ್ತು ಅನ್ನಿಸುತ್ತದೆ. ಪೆಲೆಯೂ ಬಡವರ ಮನೆಯವನು. ನಂಬಿದವರಿಂದ ಹಣ ಕಳೆದುಕೊಂಡು ಅವನೂ ಕಷ್ಟಕ್ಕೆ ಸಿಕ್ಕಿದ್ದ. ಆದರೆ ಮತ್ತೆ ಎದ್ದ, ಆಟದ ನಡುವೆಯೇ ಓದಿ ಪದವಿಯನ್ನೂ ಪಡೆದ. ಇದರಿಂದ ಓದಿದವನು ಉದ್ಧಾರವಾದ, ಓದದವನು ಕೆಟ್ಟ ಎಂದು ನೀತಿ ಹೇಳುವುದು ಸುಲಭ. ನನಗೆ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಓದು ಬಂದ ನಾನೂ ಓದದೆ ಸಹಿ ಹಾಕಿದ್ದೆ. ಓದು ಬಾರದ ಅಪ್ಪ ಕೇಳಬೇಕಾದ ಪ್ರಶ್ನೆ ಕೇಳಿದ್ದರು. ಗರಿಂಚಾನ ಸುತ್ತ ಸದಾ ಜನವಿದ್ದರು. ಆಟಕ್ಕೆ ಸೇರಿಸಿಕೊಳ್ಳಿ ಎಂದು ಹೇಳಲು ಒಬ್ಬ ನಿಲ್ಟನ್ ಸಾಂಟೋಸ್ ಸಿಕ್ಕಿದ. ಸಹಿ ಹಾಕುವ ಹೊತ್ತಿಗೆ ಪಕ್ಕದಲ್ಲಿ ಕುಳಿತು, ತಡಿ, ಇದರಲ್ಲಿ ಏನಿದೆ ಓದೋಣ ಎನ್ನುವ ಇನ್ನೊಬ್ಬ ಸಿಗಲಿಲ್ಲ.

ಆದ್ದರಿಂದ ನನ್ನ ಜೊತೆ ಓದಿದವರಲ್ಲಿ, ಹಿರಿಯ ಕಿರಿಯ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಮಹೋತ್ಸವಕ್ಕೆ ನಾವು ಬೆಂಚು, ಕಂಪ್ಯೂಟರ್, ನೀರಿನ ಟ್ಯಾಂಕ್ ಕೊಡಿಸುತ್ತಿದ್ದೇವೆ, ಒಳ್ಳೆಯದು. ನಮ್ಮ ಶಾಲೆಯಿಂದ ಈಗ ಹುಡುಗ ಹುಡುಗಿಯರು ಕ್ರೀಡಾ ಹಾಸ್ಟೆಲಿಗೆ, ನರ್ಸಿಂಗ್ ಕಾಲೇಜಿಗೆ, ಗಾರ್ಮೆಂಟ್ಸ್ ಕಾರ್ಖಾನೆಗೆ, ದೂರದ ಊರಿನ ಕೆಲಸಕ್ಕೆ ಹೋಗುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಒಂದಲ್ಲ ಒಂದು ದಿನ ಯಾರಾದರೂ ಒಂದು ಕಾಗದ ಹಿಡಿಯುತ್ತಾರೆ. ಆಗ ಅದನ್ನು ಕಳಿಸಿ ಕೇಳಲು ನಮ್ಮಲ್ಲಿ ನಾಲ್ಕೈದು ಜನರ ಫೋನ್ ನಂಬರು ಶಾಲೆಯ ನೋಟಿಸ್ ಬೋರ್ಡಿನಲ್ಲಿರಲಿ. ವಕೀಲಿಕೆ ಓದಿದವರಿದ್ದಾರೆ, ಬ್ಯಾಂಕಿನಲ್ಲಿರುವವರಿದ್ದಾರೆ. ನನ್ನ ನಂಬರನ್ನು ಮುಖ್ಯೋಪಾಧ್ಯಾಯರಿಗೆ ಆಗಲೇ ಕೊಟ್ಟಿದ್ದೇನೆ.

ಅಂದು ಸೊಟ್ಟಗಾಲಿನ ಚಿತ್ರ ಅಂಟಿಸಿದ್ದ ಬೋರ್ಡು ಈಗಲೂ ಅದೇ ಜಾಗದಲ್ಲಿದೆ. ಮೊನ್ನೆ ಶಾಲೆಗೆ ಹೋದಾಗ ನೋಡಿಕೊಂಡು ಬಂದೆ. ಬಣ್ಣ ಹೊಸದು, ಹಲಗೆ ಹಳೆಯದೇ. ನಂಬರು ಬರೆಯಲು ಜಾಗವಿದೆ.